ಎರೆಭೂಮಿಯಲ್ಲಿ ಬಿಳಿ ಧೂಳು

ಮೋಟರು ಬಂದ್ ಆಗಿತ್ತು. ರೈತ ಶಟ್ಟೆಪ್ಪ ಅದನ್ನು ಕಣ್ಣಾರೆ ನೋಡಿಯೇ ಪಂಪಿನ ಬೆಲ್ಟಿಗೆ ಕೈ ಹಾಕಿದ್ದ.

ಯಾರೂ ಗುಂಡಿ ಒತ್ತಲಿಲ್ಲ. ಯಾರೂ ಫೋನು ಮಾಡಲಿಲ್ಲ. ಆದರೂ ಮೋಟರು ತಾನಾಗಿಯೇ ತಿರುಗಿತು. ಬೆಲ್ಟು ಅವನ ಬೆರಳನ್ನು ಒಳಗೆ ಎಳೆಯಿತು. ದೇವರ ದಯೆ, ಬೆರಳು ಉಳಿಯಿತು, ಉಗುರು ಹೋಯಿತು.

ಇದು ನಡೆದದ್ದು ಶನಿವಾರ ಸಂಜೆ, ಮುನವಳ್ಳಿ ಹತ್ತಿರದ ಹೊಲದಲ್ಲಿ. ರವಿವಾರ ಮುಂಜಾನೆ ನಾನು ಸಂಪಗಾಂವದ ನನ್ನ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಏಳುವಷ್ಟರಲ್ಲಿ ಬೈಲಹೊಂಗಲದಿಂದ ಬಸಲಿಂಗಪ್ಪನ ಫೋನು ಬಂತು. ನಾವಿಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು.

“ಶಂಕರೆಪ್ಪಾ, ಮನಿ ಒಡ್ಯಾಕತ್ತೈತೋ. ಬಾ.”

“ಏನಾತು?”

“ಕಲ್ಮೇಶನ ಪೆಟಿಗಿ ಶಟ್ಟೆಪ್ಪನ ಕೈ ತಿಂತಿತ್ತು. ಅರ್ಜುನ ಅಂತಾನ, ವೈನಿ ಬೇಕಂತ ಕೆಡಿಸ್ಯಾಳ. ಆಕಿ ಅಂತಾಳ, ಮಷೀನ ಯಾರೋ ಕೆಡಸಾಕತ್ತಾರ. ನಾಳೆ ಆಕಿ ಅಣ್ಣ ಕಿತ್ತೂರಿಂದ ಕರಕೊಂಡು ಹೋಗಾಕ ಬರ್ತಾನ. ಈ ಕೆಟ್ಟ ಹೆಸರ ಹೊತ್ಕೊಂಡು ಹೋದ್ಲಂದ್ರ ತಿರುಗಿ ಬರೂದಿಲ್ಲೋ. ಒಬ್ಬಂವ ಹೋದ. ಆಕೀನೂ ಹೋದ್ರ ಈ ಮನ್ಯಾಗ ಅವನ್ದು ಏನ ಉಳೀತು?”

ಕಲ್ಮೇಶ ಅವನ ಹಿರಿಯ ಮಗ. ಹೋದ ಯುಗಾದಿಯ ಮುಂಚೆ ಜ್ವರ ಬಂದು ತೀರಿಕೊಂಡ. ಅವನೂ ಅವನ ಹೆಂಡತಿ ರಂಜನಾ ಇಬ್ಬರೂ ಇಂಜಿನಿಯರಿಂಗ್ ಕಲಿತವರು. ಮನೆಯ ಮುಂದಿನ ಖೋಲಿಯಲ್ಲಿ ಕೂತು, ಪಂಪಸೆಟ್ಟಿಗೆ ಕೂಡಿಸುವ ಒಂದು ಪುಟ್ಟ ಪೆಟ್ಟಿಗೆ ಮಾಡಿದ್ದರು. ಹೊಲಕ್ಕೆ ಹೋಗದೆ ಫೋನಿನಿಂದಲೇ ಮೋಟರು ಶುರು ಮಾಡಬಹುದು, ಬಂದ್ ಮಾಡಬಹುದು. ಕರೆಂಟು ಏರಿಳಿದರೆ ಪೆಟ್ಟಿಗೆಯೇ ಮೋಟರನ್ನು ಕಾಯುತ್ತದೆ. ಸವದತ್ತಿ, ರಾಮದುರ್ಗ, ತೊರಗಲ್ ಕಡೆಯ ರೈತರು ಅದನ್ನು ಹಾಕಿಸಿಕೊಂಡಿದ್ದರು. ಕಲ್ಮೇಶ ಹೋದ ಮೇಲೆ ರಂಜನಾ ಒಬ್ಬಳೇ ಆ ಕೆಲಸ ಹಿಡಿದಿದ್ದಳು. ಅವಳನ್ನು ವೈನಿ ಎಂದು ಕರೆಯುವ ಮೈದುನ ಅರ್ಜುನ ಪೆಟ್ಟಿಗೆಗಳನ್ನು ಹೊಲಕ್ಕೆ ಒಯ್ದು ಕೂಡಿಸಿ ಬರುವವನು. ರೈತರ ಬೈಗುಳವೂ ಮೊದಲು ಅವನಿಗೇ.

ನನಗೆ ಕಂಪ್ಯೂಟರು ತಿಳಿಯದು. ತಿಳಿದವಳೊಬ್ಬಳು ನನ್ನ ಕೈಯಲ್ಲಿ ಕನ್ನಡ ಕಲಿತವಳು — ಪೂನಮ್. ಕೆಲಕಾಲ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ, ಬೇಸತ್ತು ಬಿಟ್ಟು, ಈಗ ಬೈಲಹೊಂಗಲದ ಬಜಾರದಲ್ಲಿ ಅಂಗಡಿ ಇಟ್ಟಿದ್ದಾಳೆ. ಬೇರೆಯವರು ಕೈಬಿಟ್ಟ ಯಂತ್ರಗಳೇ ಅವಳ ಗಿರಾಕಿಗಳು.

“ಸರ್, ರವಿವಾರ ಅಂಗಡಿ ಬಂದ್ ಇರ್ತೈತಿ,” ಅಂದಳು.

“ಒಬ್ಬ ಹೆಣ್ಣಮಗಳ ಹೆಸರ ಕೆಡಾಕತ್ತೈತವಾ.”

“ಹಂಗಾದ್ರ ಬಂದ್ ಇಲ್ಲ ತಗೋರಿ.”

ಬಸಲಿಂಗಪ್ಪನದು ಭಕ್ತರ ಮನೆ. ಹೊಸ್ತಿಲಿಗೆ ವಿಭೂತಿಯ ಮೂರು ಗೆರೆ. ತಿಜೋರಿಗೆ, ಹೊಲಿಗೆ ಯಂತ್ರಕ್ಕೆ, ಅರ್ಜುನನ ಬೈಕಿನ ಟಾಕಿಗೆ, ಕರೆಂಟಿನ ಮೀಟರಿಗೆ — ಎಲ್ಲಕ್ಕೂ ಮೂರು ಗೆರೆ. ಬಸಲಿಂಗಪ್ಪನ ಹೆಂಡತಿ ಸುಂದರವ್ವನ ಕೈಕೆಲಸ ಅದು. ಶ್ರಾವಣವಾದ್ದರಿಂದ ಗೆರೆಗಳು ದಟ್ಟವಾಗಿದ್ದವು.

ಮುಂದಿನ ಖೋಲಿಯ ಹೊಸ್ತಿಲ ಬಳಿ ಒಂದು ಬ್ಯಾಗು ಕಟ್ಟಿ ಇಟ್ಟಿತ್ತು. ಅದು ರಂಜನಾಳದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಒಳಗೆ ಮೇಜು. ಗೋಡೆಯ ಮೇಲೆ ಕಲ್ಮೇಶನ ಫೋಟೋ. ಮೇಜಿನ ಪಕ್ಕದಲ್ಲಿ ಮೊಣಕಾಲೆತ್ತರದ ಕರಿ ಕಂಪ್ಯೂಟರು, ಈಗಷ್ಟೇ ಒರೆಸಿದಂತೆ ಮಿರಿಮಿರಿ ಮಿಂಚುತ್ತಿತ್ತು. ನಾನು ಕಿಟಕಿಗೆ ಆತು ಕೂತೆ.

“ಬಾಳ ಹಳೇದಲ್ರಿ ಇದು?” ಪೂನಮ್ ಕೇಳಿದಳು.

“ಹೌದ್ರಿ. ಅವ್ರು ಹುಬ್ಬಳ್ಳಿ ಹರಾಜಿನ್ಯಾಗ ತಂದಿದ್ರು,” ಅಂದಳು ರಂಜನಾ. “ವರ್ಕ್‌ಸ್ಟೇಷನ್ ಅಂತಾರ. ಹಳೇದಾದ್ರೂ ಗಟ್ಟಿ.”

“ಹೊಸಾದು ಯಾಕ ತಗೊಳ್ಳಲಿಲ್ಲ?”

“ನಮ್ಮ ಚಿಪ್ಪಿಗೆ ಆಗೂ ಕಂಪೈಲರ್ ಇದ್ರಾಗ ಅಷ್ಟ ನಡಿತೈತ್ರಿ. ಲೈಸೆನ್ಸ್ ಈ ಮಷೀನಿಗೆ ಕಟ್ಟೈತಿ. ಅದನ್ನ ಮಾಡಿದ ಕಂಪನಿ ಮುಚ್ಚಿ ಹೋತು.”

ನನ್ನ ಮುಖ ನೋಡಿ ಪೂನಮ್ ತಾನೇ ಬಿಡಿಸಿ ಹೇಳಿದಳು: “ಕಂಪೈಲರ್ ಅಂದ್ರ ದುಭಾಷಿ ಸರ್. ಇವ್ರು ಬರದದ್ದು ಮನುಷ್ಯಾರು ಓದೋ ಭಾಷಾ. ಪೆಟಿಗ್ಯಾಗಿನ ಚಿಪ್ಪಿಗೆ ಅದು ತಿಳಿಯಂಗಿಲ್ಲ. ಈ ದುಭಾಷಿ ಅದನ್ನ ಚಿಪ್ಪಿನ ಭಾಷಾಕ್ಕ ತಿರುಗಿಸಿ ಕೊಡ್ತೈತಿ. ದುಭಾಷಿ ನಡುವ ಚಕ್ಕರ್ ಬಂದು ಬಿದ್ರ ಕೆಲಸಾ ನಿಂತಂಗ.”

“ಬೀಳಾಕತ್ತೈತ್ರಿ,” ಅಂದಳು ರಂಜನಾ. “ಮನಸ್ಸಿಗೆ ಬಂದಾಗ ಬೀಳ್ತೈತಿ.”

ಬಾಗಿಲಲ್ಲಿ ನಿಂತಿದ್ದ ಅರ್ಜುನ ನಕ್ಕ. “ಮನಸ್ಸು ಮಷೀನಿಗೆ ಎಲ್ಲಿಂದ ಬರಬೇಕ್ರಿ? ಮಂದಿಗಿರ್ತೈತಿ.”

ಪೂನಮ್ ಅವನತ್ತ ತಿರುಗಲಿಲ್ಲ. “ಎಲ್ಲಿ ಬೀಳ್ತೈತಿ? ಬರದದ್ರಾಗ ಒಂದ ಜಾಗಾದಾಗ ಏನು?”

“ಇಲ್ರಿ. ಒಮ್ಮೆ ಮೊದಲಿಗೆ. ಒಮ್ಮೆ ನಡುವ. ಒಮ್ಮೆ ಇನ್ನೇನು ಮುಗೀತು ಅನ್ನೋವಾಗ. ಮತ್ತ ಓಡಿಸಿದ್ರ ಅದ ಜಾಗಾ ಸಲೀಸ ದಾಟ್ತೈತಿ.”

“ಯಾವ ಹೊತ್ತಿಗೆ?”

“ಬಾಳ ಮಾಡಿ ಮುಂಜಾನಿ. ಮಧ್ಯಾಹ್ನ ಕಡಿಮಿ. ಮಳಿ ಹಿಡದಾಗಂತೂ ಕೇಳಬ್ಯಾಡ್ರಿ.”

ನಾನು ಬಾಯಿ ಹಾಕಿದೆ. “ಕಾವು ಏರಿ ಇರಬಹುದೇನವಾ? ನಮ್ಮ ಮನಿ ಟಿವಿ ಹಂಗ ಮಾಡ್ತಿತ್ತು.”

“ಕಾವಿನಿಂದ ಆದ್ರ ಮಧ್ಯಾಹ್ನ ಬೀಳಬೇಕು ಸರ್. ಇದು ಉಲ್ಟಾ ಐತಿ. ಕರೆಂಟು ಹೆಂಗ್ರಿ, ಅರ್ಜುನ?”

“ಇನ್ವರ್ಟರ್ ಐತಿ. ನಾನ ಕೂಡಿಸೀನಿ. ಬೆಳಗಾವ್ಯಾಗ ನಮ್ಮ ದೋಸ್ತ ಸಂದೀಪನ ಅಂಗಡಿಗೂ ಒಯ್ದಿದ್ದೆ. ಒಳಗ ಧೂಳಿತ್ತಂತ, ಹೊಡದ. ದಿನಪೂರ್ತಿ ಪರೀಕ್ಷಾಕ್ಕ ಹಚ್ಚಿದ. ಒಂದರ ತಪ್ಪು ಬರಬೇಕಲ್ಲ? ಇಲ್ಲ! ಮನೀಗೆ ತಂದ ಮ್ಯಾಲೆ ನಾಕ ದಿನ ಛಂದ ನಡೀತು. ಮತ್ತ ಬಿತ್ತು. ಮಷೀನ ಸುದ್ದ ಐತಿ ಅಂದ ಮ್ಯಾಲೆ —” ಅವನ ಕಣ್ಣು ಅತ್ತಿಗೆಯತ್ತ ಹೋಯಿತು.

“ಹೇಳಿಬಿಡ್ರಿ,” ಅಂದಳು ರಂಜನಾ. “ಬಾಯಾಗ ಇಟ್ಕೋಬ್ಯಾಡ್ರಿ.”

“ಹೇಳ್ತೇನಿ ತಗೋ ವೈನಿ. ಕಿತ್ತೂರಾಗ ನಿಮ್ಮಣ್ಣ ಅಂಗಡಿ ಹಾಕಾಂವ ಅದಾನ. ಇಲ್ಲಿ ಪೆಟಿಗಿ ಹೆಸರ ಕೆಟ್ರ ಅಲ್ಲಿ ಹೊಸಾ ಹೆಸರ್ಲೆ ಮಾರಬಹುದಲ್ಲ?”

“ಈ ಮಷೀನ ಗುಜರಿಗೆ ಹಾಕೂಣು ಅಂತ ಯಾರು ಕುಣ್ಯಾಕತ್ತಿದ್ರು? ನಾನೇನು?”

“ಅಣ್ಣನ ಹೆಸರ ಉಳೀಲಿ ಅಂತ ಅಂದೆ! ಶಟ್ಟೆಪ್ಪನ ಬೆರಳಿಗೆ ಬಟ್ಟಿ ಕಟ್ಟಿದಾಂವ ನಾನು, ನೀವಲ್ಲ.”

“ಸಾಕ ಬಿಡ್ರೋ,” ಅಂದಳು ಸುಂದರವ್ವ ಅಡಿಗೆಮನೆಯ ಬಾಗಿಲಿಂದ. ಅವಳ ಕಣ್ಣು ಫೋಟೋದ ಮೇಲಿತ್ತು. “ಅಂವ ಕೇಳ್ತಿರ್ತಾನ.”

ಬಸಲಿಂಗಪ್ಪ ತಲೆಗೆ ಸುತ್ತಿದ ಪಟಗಾ ತೆಗೆದು ಮತ್ತೆ ಸುತ್ತಿಕೊಂಡ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಪೂನಮ್ ಮೆಲ್ಲಗೆ ಕೇಳಿದಳು: “ಅವ್ವಾರ, ಈ ಖೋಲಿ ಯಾರು ಸ್ವಚ್ಛ ಮಾಡ್ತಾರ?”

“ಕಸಾ ನಾ ಹೊಡೀತೇನಿ. ಮೇಜು, ಮಷೀನ ಆಕಿ ಒರಸ್ತಾಳ.” ಸುಂದರವ್ವ ಸೆರಗು ಸರಿ ಮಾಡಿಕೊಂಡಳು. “ದಿನಾ ಒರಸ್ತಾಳ. ಏನೂ ಉಳಸಂಗಿಲ್ಲ.”

“ಮತ್ತ ಒಳಗಿಂದು? ಈ ಬಗಲಿನ ಮುಚ್ಚಳಾ ಯಾರು ತಗೀತಾರ?”

“ಅವ್ರ ತಗೀತಿದ್ರು,” ಅಂದಳು ರಂಜನಾ. “ಸಂದೀಪ ಒಮ್ಮೆ ತಗದಾನ. ನಾ ಇನ್ನೂತನಕ ಮುಟ್ಟಿಲ್ಲ.”

“ಯಾಕ?”

“ಬರಿಯೂದು ನನ್ನ ಕೆಲಸ ಇತ್ರಿ. ಒಳಗಿಂದು ಅವ್ರ ಕೆಲಸ.”

ಆ ಮುಚ್ಚಳಕ್ಕೆ ತಿರುಪು ಇರಲಿಲ್ಲ. ಒಂದು ಹಿಡಿಕೆ, ಎಳೆದರೆ ತೆರೆಯುತ್ತಿತ್ತು. ಪೂನಮ್ ಟಾರ್ಚಿನ ಬೆಳಕು ಬಿಟ್ಟು ಒಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಕುಂಚದಿಂದ ಏನೋ ಕೆರೆದು ಒಂದು ಕಾಗದದಲ್ಲಿ ಕಟ್ಟಿಕೊಂಡಳು. ಉಳಿದದ್ದನ್ನು ಚೊಕ್ಕಟ ಮಾಡಿದಳು.

“ಧೂಳೇನವಾ?” ಅಂದೆ.

“ಧೂಳ ಸರ್. ಬಿಳಿ ಧೂಳು.”

ನಾನು ಎದ್ದು ಧೋತರ ಕೊಡವಿಕೊಂಡೆ. ಪೂನಮ್ ಅದನ್ನೇ ನೋಡುತ್ತ ನಿಂತಳು.

“ಕಿಡಕಿಗೆ ಆತು ಕುಂತಿದ್ರಿ?”

“ಹೌದು. ನೋಡು, ಒಗದ ಧೋತರ ಕರ್ರಗಾತು.”

ಅವಳು ಮುಚ್ಚಳ ಹಾಕಿದಳು.

ಅರ್ಜುನ ಶಟ್ಟೆಪ್ಪನ ಹೊಲದಿಂದ ಬಿಚ್ಚಿ ತಂದ ಪೆಟ್ಟಿಗೆ ಮೇಜಿನ ಮೇಲಿತ್ತು. ಪೂನಮ್ ಅದರೊಳಗಿನ ಪ್ರೋಗ್ರಾಮನ್ನು ಹೊರಗೆ ತೆಗೆದಳು. ರಂಜನಾಳಿಗೆ ಹೇಳಿ, ಅವಳು ಬರೆದಿಟ್ಟ ಅದೇ ಮೂಲವನ್ನು ಮತ್ತೊಮ್ಮೆ ಕಂಪೈಲ್ ಮಾಡಿಸಿದಳು. ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಯಂತ್ರ ತುಸುವೂ ತಡವರಿಸದೆ ಮುಗಿಸಿತು. ಇನ್ನೊಮ್ಮೆ ಓಡಿಸಿದರು. ಆಗಲೂ ಮುಗಿಸಿತು. ಎರಡೂ ಒಂದೇ ತರಹ ಬಂದವು. ಅವನ್ನು ಶಟ್ಟೆಪ್ಪನ ಪೆಟ್ಟಿಗೆಯದರ ಪಕ್ಕಕ್ಕಿಟ್ಟು ಹೋಲಿಸಿದಳು.

“ಒಂದ ಜಾಗಾದಾಗ ಒಂದ ಅಂಕಿ ಬ್ಯಾರೆ ಐತಿ.”

“ಅಂದ್ರ ಯಾರೋ ಬದಲಿಸ್ಯಾರ!” ಅರ್ಜುನ ಮುಂದೆ ಬಂದ.

“ರಂಜನಾ, ಶಟ್ಟೆಪ್ಪನ ಪೆಟಿಗಿಗೆ ಹಾಕಿದ್ದು ಯಾವಾಗ ಕಂಪೈಲ್ ಮಾಡಿದ್ದು?”

“ಹೋದ ಮಂಗಳವಾರ ಮುಂಜಾನಿ. ಮಳಿ ಹಿಡದಿತ್ತು. ಎರಡ ಸಲಾ ಬಿತ್ತು. ಮೂರನೇ ಸಲಕ್ಕ ಆತು.”

“ಅದನ್ನ ಬ್ಯಾರೆ ಪೆಟಿಗಿಗೆ ಹಾಕೀರಿ?”

“ಇಲ್ರಿ. ಅದೊಂದ.”

ಪೂನಮ್ ಉಸಿರು ಬಿಟ್ಟಳು. “ಇವತ್ತು ಇಷ್ಟ ಸಾಕು. ನಾಳೆ ಮುಂಜಾನಿ ಬರ್ತೇವಿ. ಅಲ್ಲೀತನಕ ಮಷೀನ ಯಾರೂ ಚಾಲೂ ಮಾಡಬ್ಯಾಡ್ರಿ. ಬಾಗಲಾ ದಿನದಂಗ ತೆರದ ಇರಲಿ.”

“ನಾಳೆ ಅಣ್ಣ ಬರ್ತಾನ್ರಿ,” ಅಂದಳು ರಂಜನಾ.

“ಅಂವ ಬರೋದ್ರಾಗ ಬರ್ತೇವಿ.”

ಬಸ್ ನಿಲ್ದಾಣದವರೆಗೆ ನಡೆದು ಬಂದೆವು. ಮೋಡ ಮತ್ತೆ ಕವಿಯುತ್ತಿತ್ತು.

“ಯಾರವಾ?” ಅಂದೆ.

“ನಿಮಗ ಯಾರ ಮ್ಯಾಲೆ ಅನುಮಾನ?”

“ಅರ್ಜುನನ ಕಣ್ಣಾಗ ಬರೇ ಸಿಟ್ಟೈತಿ. ರಂಜನಾನ ಕಣ್ಣಾಗ ನೀರಿಲ್ಲ. ಎರಡೂ ನೋಡಿ ನನಗ ಅಂಜಿಕಿ ಬರ್ತೈತಿ.”

“ಒಂದ ಕೇಳ್ತೇನಿ ಸರ್. ಆ ಮನ್ಯಾಗ ಎಲ್ಲಾಕಿಂತ ಜೀವದ ವಸ್ತು ಯಾವುದು?”

“ಆ ಮಷೀನ. ಕಲ್ಮೇಶನ ಕೈಯಿಂದು.”

“ಮತ್ತ ಅದನ್ನೊಂದ ಯಾಕ ಹಂಗ ಬಿಟ್ಟಾರ?”

“ಹಂಗ ಅಂದ್ರ?”

“ನಾಳೆ ಹೇಳ್ತೇನಿ. ಹೆಸರ ಹೇಳೂ ಮುಂದ ಖಾತ್ರಿ ಬೇಕು. ಒಮ್ಮೆ ಬಾಯಿಂದ ಬಿದ್ದ ಹೆಸರ ತಿರುಗಿ ಒಳಗ ಹೋಗಂಗಿಲ್ಲ.”

ಮನೆಗೆ ಬಂದೆ. ಹೆಂಡತಿ ರಾಮವ್ವ ಹೋದ ಮೇಲೆ ಮನೆಯಲ್ಲಿ ಮಾತಾಡುವವರಿಲ್ಲ. ಅವಳ ಜಪಮಣಿ ದೇವರ ಜಗಲಿಯ ಮೇಲೆ ಅವಳು ಇಟ್ಟ ಹಾಗೆಯೇ ಇದೆ. ಒಮ್ಮೆ ಕೆಲಸದವಳು ಅದನ್ನು ಸರಿಸಿ ಒರೆಸಿದ್ದಕ್ಕೆ ನಾನು ದಿನವೆಲ್ಲ ಊಟ ಬಿಟ್ಟಿದ್ದೆ. ಆ ರಾತ್ರಿ ಅದು ಯಾಕೆ ನೆನಪಿಗೆ ಬಂತೋ ನನಗೆ ತಿಳಿಯಲಿಲ್ಲ.

ಮರುದಿನ ಶ್ರಾವಣ ಸೋಮವಾರ. ನಸುಕಿನಿಂದ ಜಿಟಿಜಿಟಿ ಮಳೆ. ಬಸಲಿಂಗಪ್ಪನ ಮನೆ ಊದಿನಕಡ್ಡಿಯ ವಾಸನೆಯಿಂದ ತುಂಬಿತ್ತು. ಸುಂದರವ್ವ ಮಿಂದು, ಪೂಜೆ ಮುಗಿಸಿ, ಹಸಿಕೂದಲಿಗೆ ಸೆರಗು ಹೊದ್ದು ಓಡಾಡುತ್ತಿದ್ದಳು. ಬ್ಯಾಗು ಅಲ್ಲೇ ಇತ್ತು.

“ನಿನ್ನಿದ್ದನ್ನ ಮತ್ತ ಓಡಸ್ರಿ,” ಅಂದಳು ಪೂನಮ್.

ರಂಜನಾ ಕೂತಳು. ಯಂತ್ರ ಗುಯ್‌ಗುಟ್ಟಿತು. ಪರದೆಯ ಮೇಲೆ ಸಾಲುಗಳು ಏರತೊಡಗಿದವು. ನಾವೆಲ್ಲ ಅವಳ ಬೆನ್ನ ಹಿಂದೆ ನಿಂತಿದ್ದೆವು. ಸಾಲುಗಳು ಏರಿದವು, ಏರಿದವು — ನಿಂತವು. ಒಂದು ಕೆಂಪು ಸಾಲು ಮೂಡಿತು.

ದುಭಾಷಿ ಬಿದ್ದಿದ್ದ.

“ನೋಡಿದ್ರೇನು!” ಅರ್ಜುನ ಕೂಗಿದ. “ನಿನ್ನಿ ಅಕ್ಕಾರ ಕುಂತಾಗ ಸುದ್ದ ನಡೀತು. ಇವತ್ತ ವೈನಿ ಕೈ ಬಿದ್ದಕೂಡ್ಲೆ —”

“ನಿನ್ನಿನೂ ಒತ್ತಿದ್ದು ಅವ್ರ ಕೈನ, ಅರ್ಜುನ.” ಪೂನಮ್ ದನಿ ಏರಿಸಲಿಲ್ಲ. “ಕೈ ಅದ. ಹೊತ್ತ ಬ್ಯಾರೆ. ಎಲ್ಲಾರೂ ಕುಂದರ್ರಿ.”

ರಂಜನಾ ಕೂತಲ್ಲೇ ಇದ್ದಳು; ಬಸಲಿಂಗಪ್ಪ, ನಾನು ಕೂತೆವು. ಉಳಿದವರು ನಿಂತೇ ಇದ್ದರು.

“ಮೊದಲನೇ ಮಾತು. ರಂಜನಾ ಬರದದ್ರಾಗ ತಪ್ಪಿದ್ರ ದುಭಾಷಿ ಯಾವಾಗ್ಲೂ ಅದ ಸಾಲಿಗೆ ಬೀಳಬೇಕು. ಎಡವೋ ಕಲ್ಲು ಒಂದ ಕಡೆ ಇರ್ತೈತಿ, ದಿನಾ ಜಾಗಾ ಬದಲಿಸಂಗಿಲ್ಲ. ಇದು ಬೇಕಾದಲ್ಲಿ ಬೀಳಾಕತ್ತೈತಿ. ಅಂದ್ರ ತಪ್ಪು ಬರದದ್ರಾಗ ಇಲ್ಲ.”

“ಮತ್ತ ಶಟ್ಟೆಪ್ಪನ ಪೆಟಿಗಿ?”

“ಅದು ಎರಡನೇ ಮಾತು. ಅದ್ರಾಗ ಒಂದ ಅಂಕಿ ಬ್ಯಾರೆ ಇತ್ತು. ಬೇಕಂತ ಕೆಡಸೋರು ಒಂದ ಸಾಲರ ಬದಲಿಸ್ತಾರ. ತಿಜೋರಿಗೆ ಬಂದ ಕಳ್ಳ ಗ್ವಾಡಿ ಮ್ಯಾಗಿನ ಸುಣ್ಣದ ಚೂರು ಕೆತ್ತಕೊಂಡು ಹೋಗಂಗಿಲ್ಲ. ಇದು ಮನುಷ್ಯಾರ ಕೈಯಲ್ಲ. ದುಭಾಷಿ ಕೇಳಿದ್ದನ್ನ ತಿರುಗಿಸೋ ತನಕ ನೆನಪಿನ್ಯಾಗ ಇಟ್ಕೋತಾನ. ಆ ನೆನಪು ಒಳಗಿನ ಮೆಮೊರಿ ಪಟ್ಟಿಯೊಳಗ ಇರ್ತೈತಿ. ಅಲ್ಲೇ ಮರವು ಬಂದೈತಿ. ದೊಡ್ಡ ಮರವು ಬಂದ್ರ ಬೀಳ್ತಾನ. ಸಣ್ಣದು ಬಂದ್ರ ಬೀಳಂಗಿಲ್ಲ. ತಪ್ಪ ಹೇಳಿ ಮುಗಸ್ತಾನ. ಬಿದ್ದದ್ದು ಎಲ್ಲಾರಿಗೂ ಕಂಡಿತು. ಬೀಳದ ತಪ್ಪು ಹೇಳಿದ್ದು ಶಟ್ಟೆಪ್ಪನ ಬೆರಳಿಗೆ ಕಂಡಿತು.”

ರಂಜನಾ ಕುರ್ಚಿಯ ಅಂಚು ಹಿಡಿದಳು.

“ಆದ್ರ ಸಂದೀಪ ಮೆಮೊರೀನೂ ದಿನಪೂರ್ತಿ ಪರೀಕ್ಷಾ ಮಾಡ್ಯಾನ!” ಅಂದ ಅರ್ಜುನ.

“ಮಾಡ್ಯಾನ. ಧೂಳ ಹೊಡದ ಮಾಡ್ಯಾನ. ಹೊಡದ ಧೂಳು ಯಾವ ಬಣ್ಣದ್ದು ಅಂತ ಅಂವ ಕೇಳಲಿಲ್ಲ. ನೀವೂ ಕೇಳಲಿಲ್ಲ.” ಪೂನಮ್ ನನ್ನತ್ತ ಕೈ ತೋರಿಸಿದಳು. “ನಿನ್ನಿ ಸರ್ ಕಿಡಕಿಗೆ ಆತು ಕುಂತ್ರು. ಧೋತರ ಕರ್ರಗಾತು. ನಮ್ಮದು ಎರಿ ಭೂಮಿ. ಇಲ್ಲಿ ಗಾಳಿಗೆ ಹಾರೋದು ಕರಿ ಧೂಳು. ಗ್ವಾಡಿಗೆ ನೀಲಿ ಬಣ್ಣಾ ಹಚ್ಚೀರಿ, ಸುಣ್ಣ ಉದರಂಗಿಲ್ಲ. ಹಂತ್ಯಾಕ ಹಿಟ್ಟಿನ ಗಿರಣಿ ಇಲ್ಲ. ಹಂಗಾದ್ರ ಮಷೀನ ಒಳಗ ಬಿಳಿ ಧೂಳು ಎಲ್ಲಿಂದ ಬಂತು?”

ಹೊರಗೆ ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳು ನಿನ್ನೆಯ ಕಾಗದದ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು. “ಸರ್, ನೀವ ಹೇಳ್ರಿ.”

ನಾನು ಚಿಟಿಕೆ ತೆಗೆದುಕೊಂಡು ಎರಡು ಬೆರಳ ನಡುವೆ ತಿಕ್ಕಿದೆ. ನುಣುಪು. ತಂಪು. ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡದ್ದನ್ನು ಬೆರಳು ಮರೆಯುವುದಿಲ್ಲ. ನಾನು ತಲೆ ಎತ್ತಿ ಯಾರ ಮುಖವನ್ನೂ ನೋಡಲಾರದೆ ಹೋದೆ.

“ವಿಭೂತಿ,” ಅಂದೆ.

ಪೂನಮ್ ಬಗ್ಗಿ ಯಂತ್ರದ ಮುಚ್ಚಳ ತೆಗೆದಳು. ಟಾರ್ಚಿನ ಬೆಳಕು ಒಳಗೆ ಬಿತ್ತು. ನಿನ್ನೆ ಅವಳು ಚೊಕ್ಕಟ ಮಾಡಿದ ಜಾಗದಲ್ಲಿ, ಸಾಲಾಗಿ ನಿಂತ ಮೆಮೊರಿ ಪಟ್ಟಿಗಳ ಮೇಲೆ ಅಡ್ಡಲಾಗಿ, ಮೂರು ಬೆರಳಿನ ಮೂರು ಗೆರೆ. ಹಸಿಯಾಗಿದ್ದವು. ಒಂದು ಗೆರೆಯಿಂದ ಬಿಳಿ ನೀರು ಇಳಿದು ಪಟ್ಟಿ ಕೂರುವ ಸಂದಿಯೊಳಗೆ ಹೋಗಿತ್ತು.

“ನೀರಾಗ ಕಲಿಸಿದ ವಿಭೂತಿ ಒಣಗೋತನಕ ಕರೆಂಟಿಗೆ ಅಡ್ಡದಾರಿ ಮಾಡಿಕೊಡ್ತೈತಿ,” ಅಂದಳು ಪೂನಮ್. “ಒಣಗಿದ ಮ್ಯಾಲೆ ತ್ರಾಸ ಕೊಡಂಗಿಲ್ಲ. ಮಳಿ ಹಿಡದ್ರ ಗಾಳ್ಯಾಗಿನ ತಂಪು ಹೀರಿ ಮತ್ತ ಹಸಿ ಆಗ್ತೈತಿ. ಮಧ್ಯಾಹ್ನ ಮಷೀನ ಬಿಸಿ ಆತು, ಒಣಗಿತು, ಸುದ್ದ ಆತು. ಸಂದೀಪ ಹೊಡದ, ಸುದ್ದ ಆತು. ಮುಂದಿನ ಸೋಮವಾರ ಬಂತು, ಮತ್ತ ಕೆಡ್ತು.”

ಅರ್ಜುನ ಬಗ್ಗಿ ಒಳಗೆ ನೋಡಿದ.

“ನಾ ಕಂಡದ್ದಕ್ಕಿಂತ ಕಾಣದ್ದು ದೊಡ್ಡದು,” ಅಂದಳು ಪೂನಮ್, ಈಗ ಬಹಳ ಮೆತ್ತಗೆ. “ಈ ಮನ್ಯಾಗ ಕರೆಂಟಿನ ಮೀಟರಿಗೂ ಮೂರು ಗೆರಿ ಅದಾವ. ಎಲ್ಲಾಕಿಂತ ಜೀವದ ಈ ಮಷೀನಿಗೆ ಮ್ಯಾಲೆ ಒಂದೂ ಇಲ್ಲ. ಹಚ್ಚೋರು ಇದನ್ನೊಂದ ಮರೀತಾರೇನು? ಮರೀಲಿಲ್ಲ. ಬ್ಯಾರೆ ಜಾಗಾ ಹುಡಿಕ್ಯಾರ. ಅವ್ವಾರ…”

ಮುಂದೆ ಹೇಳುವುದು ಬೇಕಾಗಿರಲಿಲ್ಲ.

“ನಾನ ಹಚ್ಚೀನಿ,” ಅಂದಳು ಸುಂದರವ್ವ.

ಬಸಲಿಂಗಪ್ಪ ಎದ್ದು ನಿಂತ. “ಏನಂದಿ?”

“ನಾನ ಅಂದೆ. ಅಂವ ಇದ್ದಾಗ ಸೋಮವಾರಕ್ಕೊಮ್ಮೆ ಇದಕ್ಕ ಹಚ್ಚತಿದ್ದೆ. ‘ಅವ್ವಾ, ನನ್ನ ಮಷೀನಿಗೆ ದೃಷ್ಟಿ ಆಗಿತ್ತು ನೋಡು’ ಅಂತ ನಗತಿದ್ದ. ಅಂವ ಹೋದ ಮ್ಯಾಲೂ ಹಚ್ಚಿದೆ. ಈಕಿ ಒರಿಸಿದ್ಲು. ಮತ್ತ ಹಚ್ಚಿದೆ. ಮತ್ತ ಒರಿಸಿದ್ಲು.” ಅವಳು ಸೊಸೆಯನ್ನು ನೋಡಲಿಲ್ಲ. “ಜಗಳಾ ಯಾಕ ಅಂತ ಸುಮ್ಮನಾದೆ. ಅಂವ ಮುಚ್ಚಳಾ ತಗಿಯೂದು ನೋಡಿದ್ದೆ. ಒಳಗ ಹಚ್ಚಿದ್ರ ಯಾರು ಒರಸ್ತಾರ ಅಂದ್ಕೊಂಡೆ.”

“ಅತ್ತಿ!” ರಂಜನಾಳ ದನಿ ಸೀಳಿತು. “ಒಂದ ಮಾತ ನನ್ನ ಕೇಳಬಾರದಾಗಿತ್ತ?”

“ಒರಸೋ ಮುಂದ ನೀ ನನ್ನ ಕೇಳಿದೇನ?”

ನಾನು ಕೂತಲ್ಲೇ ಇಷ್ಟದೇವರನ್ನು ನೆನೆದೆ.

ಕಡೆಗೆ ರಂಜನಾಳೇ ಹೇಳಿದಳು. “ಹೂವ, ವಿಭೂತಿ ಇಟ್ರ ಅದು ಗದ್ದಿಗಿ ಆಗ್ತಿತ್ತು ಅತ್ತಿ. ಬಂದ ಮಂದಿ ಅದಕ್ಕ ಕೈ ಮುಗೀತಿದ್ರು. ಗದ್ದಿಗಿ ಮುಂದ ಕುಂತು ನಾ ಹೆಂಗ ಬರೀಲಿ? ಅದನ್ನ ಒರಿಸಿದ ದಿನ ಅವ್ರು ಚಾ ಕುಡ್ಯಾಕ ಎದ್ದು ಹೋದಂಗ ಇರ್ತಿತ್ತು. ಈಗ ಬರ್ತಾರ ಅಂತ ಕೆಲಸಾ ಮಾಡ್ತಿದ್ದೆ.” ಕಣ್ಣಲ್ಲಿ ನೀರಿಲ್ಲದ ಆ ಹುಡುಗಿ ಅಂಗೈಯಿಂದ ಮುಖ ಮುಚ್ಚಿಕೊಂಡಳು. “ನೀವು ಹಚ್ಚಿದ ಸೋಮವಾರಕ್ಕೊಮ್ಮೆ ಅವ್ರು ಮತ್ತ ಹೋಗ್ತಿದ್ರು.”

ಸುಂದರವ್ವ ನನ್ನತ್ತ ತಿರುಗಿದಳು. “ಮಾಸ್ತರ, ಶಟ್ಟೆಪ್ಪನ ಬೆರಳಿಗೆ ನಾನ ಕಾರಣ ಏನು?”

ನನ್ನ ಬದಲು ಪೂನಮ್ ಹೇಳಿದಳು: “ನಿಮ್ಮ ಕೈ ಹೌದ್ರಿ ಅವ್ವಾರ. ನಿಮ್ಮ ಮನಸ್ಸಲ್ಲ. ನೀವಿಬ್ರೂ ಒಂದ ದಿನ ಒಬ್ಬರಿಗೊಬ್ಬರು ಮಾತಾಡಿದ್ರ ಆ ಉಗುರು ಉಳೀತಿತ್ತು.”

ಪೂನಮ್ ಕರೆಂಟು ತೆಗೆದು, ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಹಾಸಿದ ಬಟ್ಟೆಯ ಮೇಲಿಟ್ಟಳು. ಚೀಲದಿಂದ ಸ್ಪಿರಿಟಿನ ಬಾಟಲಿ ತೆಗೆದಳು. ಅಷ್ಟರಲ್ಲಿ ಸುಂದರವ್ವ ಮುಂದೆ ಬಂದಳು.

“ಕೊಡು. ಹಚ್ಚಿದಾಕಿ ನಾನು. ನಾನ ಒರಸ್ತೇನಿ.”

ಮಗನ ಯಂತ್ರಕ್ಕೆ ತಾನೇ ಹಚ್ಚಿದ ವಿಭೂತಿಯನ್ನು ತಾಯಿ ತಾನೇ ಒರೆಸುವುದನ್ನು ನಾನು ನೋಡಿದೆ. ಅಂಥದ್ದನ್ನು ನೋಡಲು ದೇವರು ನನ್ನನ್ನು ಇಷ್ಟು ದಿನ ಇಟ್ಟನೇ ಎನಿಸಿತು. ಮೊದಲ ಪಟ್ಟಿಯನ್ನು ಅವಳು ಒಬ್ಬಳೇ ಒರೆಸಿದಳು. ಎರಡನೆಯದಕ್ಕೆ ರಂಜನಾ ಬಂದು ಪಕ್ಕದಲ್ಲಿ ನಿಂತು ಅದರ ಅಂಚು ಹಿಡಿದುಕೊಟ್ಟಳು. “ಈ ಬಂಗಾರದ ಬಣ್ಣದ ಹಲ್ಲು ಅದಾವಲ್ರಿ ಅತ್ತಿ, ಅವನ್ನ ಮೆತ್ತಗ.”

“ಮೆತ್ತಗನ ಒರಸಾಕತ್ತೀನಿ.”

ಕಡೆಯ ಪಟ್ಟಿಯ ಮೇಲಿನದನ್ನು ಅವಳು ಬಟ್ಟೆಯಿಂದ ಒರೆಸಲಿಲ್ಲ, ಬೆರಳಿಂದಲೇ ತೆಗೆದುಕೊಂಡಳು. ಆಮೇಲೆ ಆ ಮೂರು ಬಿಳಿ ಬೆರಳನ್ನು ಹಿಡಿದುಕೊಂಡು ಸುತ್ತ ನೋಡಿದಳು. ವಿಭೂತಿ ನೆಲಕ್ಕೆ ಬೀಳಬಾರದು. ಯಂತ್ರಕ್ಕೆ ಹಚ್ಚುವ ಹಾಗಿಲ್ಲ. ಫೋಟೋ ಎತ್ತರದಲ್ಲಿತ್ತು. ಅವಳ ಕೈ ಗಾಳಿಯಲ್ಲಿ ನಿಂತಿತು.

ರಂಜನಾ ತಲೆ ಬಾಗಿಸಿದಳು.

ಸುಂದರವ್ವ ಸೊಸೆಯ ಹಣೆಗೆ ಮೂರು ಗೆರೆ ಎಳೆದಳು.

ಪಟ್ಟಿಗಳು ಮತ್ತೆ ಕೂತವು. ಯಂತ್ರ ಶುರುವಾಯಿತು. ಮಳೆ ಬಿಟ್ಟಿರಲಿಲ್ಲ. ಸಾಲುಗಳು ಏರುತ್ತಿದ್ದಾಗ ಬಾಗಿಲಲ್ಲಿ ಕಾರಿನ ಸದ್ದಾಯಿತು. ರಂಜನಾಳ ಅಣ್ಣ ಕೊಡೆ ಮುಚ್ಚುತ್ತ ಒಳಗೆ ಬಂದ. ಎಲ್ಲರ ಮುಖ ನೋಡಿ ಅವನಿಗೆ ಏನೂ ಅರ್ಥವಾಗಲಿಲ್ಲ.

“ತಯಾರಾಗೀಯೇನವಾ?”

ರಂಜನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ತಡಿ ಅಣ್ಣಾ. ನಡುವ ಬಂದೈತಿ. ಶಟ್ಟೆಪ್ಪನ ಪೆಟಿಗೀದು ಮುಗೀಲಿ. ಆಮ್ಯಾಲೆ ಈ ಮಳಿಗಾಲದಾಗ ಮಾಡಿದ್ದೆಲ್ಲಾ ಮತ್ತ ಮಾಡಿ ತೂಗಿ ನೋಡಬೇಕು.”

ಅರ್ಜುನ ಶಟ್ಟೆಪ್ಪನ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು ನಿಂತಿದ್ದ. ನಿನ್ನೆಯಿಂದ ಆಡಿದ ಮಾತನ್ನೆಲ್ಲ ಎಲ್ಲಿ ಇಡಬೇಕೆಂದು ಅವನಿಗೆ ತಿಳಿದಿರಲಿಲ್ಲ. “ಮುಗದ ಮ್ಯಾಲೆ ಹೇಳ್ರಿ ವೈನಿ,” ಅಂದ ನೆಲ ನೋಡುತ್ತ. “ನಾನ ಒಯ್ದು ಕೂಡಸ್ತೇನಿ. ಏನಾತು ಅನ್ನೂದೂ ಹೇಳ್ತೇನಿ.”

ಅವಳು ಏರುವ ಸಾಲುಗಳನ್ನೇ ನೋಡುತ್ತಿದ್ದಳು.

ಬ್ಯಾಗು ಇನ್ನೂ ಹೊಸ್ತಿಲ ಬಳಿಯೇ ಇತ್ತು. ಒಳಗೆ ಹೊರಟ ಸುಂದರವ್ವ ಅದನ್ನು ದಾಟಿ ಹೋಗಲಿಲ್ಲ. ಬಗ್ಗಿ ಎತ್ತಿಕೊಂಡಳು, ಒಳಗೊಯ್ದು ಇಟ್ಟಳು, ಆಮೇಲೆ ಬೀಗರಿಗೆಂದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.